ಟೊಮೆಟೊ ತಳ ಕಪ್ಪಾಯ್ತಾ? ಮೊದಲು ನೀರು ನೋಡಿ, ಆಮೇಲೆ ಕ್ಯಾಲ್ಸಿಯಂ

ನಮ್ಮ ತುಮಕೂರಲ್ಲಿ ಒಂದೇ ಮನೆಗೆ ಮೂರ್ನಾಲ್ಕು ನಮೂನೆ ನೀರು. ನಲ್ಲಿಯಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು. ಅದು ಬಾರದ ದಿನ ಬೋರ್‌ವೆಲ್ ನೀರು. ಅಡುಗೆಮನೆಯಲ್ಲಿ ಆರ್‌ಒ ನೀರು. ಮಳೆಗಾಲದಲ್ಲಿ ನೆಲದಡಿಯ ಸಂಪ್‌ಗೆ ಇಳಿಯುವ ಮಳೆ ನೀರು. ಗಿಡಕ್ಕೆ ಯಾವುದು ಕೈಗೆ ಸಿಕ್ಕರೆ ಅದು. ನಾನೂ ಹಾಗೇ ಹಾಕುತ್ತಿದ್ದೆ.

ಎರಡು ಬೇಸಿಗೆ ಹಿಂದೆ ತಲೆಗೊಂದು ಯೋಚನೆ ಬಂತು. ನಮಗೆ ಒಳ್ಳೆಯ ನೀರು ಗಿಡಕ್ಕೂ ಒಳ್ಳೆಯದೇ ಅಲ್ವಾ ಅಂತ ತಾರಸಿಯ ಟೊಮೆಟೊಗೆ ಆರ್‌ಒ ನೀರು ಹಾಕಲು ಶುರು ಮಾಡಿದೆ. ಗಿಡ ಹಸಿರಾಗಿ ಬೆಳೆಯಿತು, ಹೂ ಬಿಟ್ಟಿತು, ಕಾಯಿ ಕಟ್ಟಿತು. ನಿಂಬೆಹಣ್ಣಿನಷ್ಟು ಆದ ಮೇಲೆ ಒಂದು ಕಾಯಿ ತಿರುಗಿಸಿ ನೋಡಿದರೆ ತಳ ಕಪ್ಪು. ಪಕ್ಕದ್ದೂ ಕಪ್ಪು. ಗೊಬ್ಬರದ ಅಂಗಡಿಯವರು ಕೊಟ್ಟ ದುಬಾರಿ ಕ್ಯಾಲ್ಸಿಯಂ ಬಾಟಲಿ ಅರ್ಧ ಖಾಲಿಯಾದರೂ ಹೊಸ ಕಾಯಿ ಕಪ್ಪಾಗುವುದು ನಿಲ್ಲಲಿಲ್ಲ.

ಆಮೇಲೆ ಗೊತ್ತಾಯಿತು, ತಪ್ಪು ಎರಡಿತ್ತು. ನೀರಲ್ಲಿ ಕ್ಯಾಲ್ಸಿಯಂ ಇರಲಿಲ್ಲ, ಅದು ನಿಜ. ಆದರೆ ಅದಕ್ಕಿಂತ ದೊಡ್ಡ ತಪ್ಪು, ಮಾರ್ಚ್ ಬಿಸಿಲಲ್ಲಿ ಎರಡು ದಿನಕ್ಕೊಮ್ಮೆ ನೀರು ಹಾಕುತ್ತಿದ್ದೆ. ಈ ಬರಹದಲ್ಲಿ ಅದೇ ಕ್ರಮ ಇಟ್ಟಿದ್ದೇನೆ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಬಾಟಲಿ ಚೀಲ ಆಮೇಲೆ.

ಕಾಯಿಯ ತಳ ಕಪ್ಪಾಗಿ ಚರ್ಮದ ಹಾಗೆ ಆಗಿದೆ

ಮೊದಲು ಕಾಯಿ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಮಚ್ಚೆ ಎಲ್ಲಿದೆ? ತೊಟ್ಟಿನ ಕಡೆ ಅಲ್ಲ, ಹೂ ಉದುರಿದ ತುದಿಯಲ್ಲಿ ಇರಬೇಕು. ಶುರುವಲ್ಲಿ ನೀರು ತುಂಬಿದ ಹಾಗೆ ತಿಳಿ ಕಂದು. ಆಮೇಲೆ ಕಪ್ಪಾಗಿ, ಒಳಕ್ಕೆ ತಗ್ಗಿ, ಒಣಗಿದ ಚರ್ಮದ ಹಾಗೆ ಆಗುತ್ತದೆ. ಉಗುರಿನಿಂದ ಒತ್ತಿದರೆ ಪಿಚಕ್ ಅನ್ನುವುದಿಲ್ಲ, ವಾಸನೆಯೂ ಇರುವುದಿಲ್ಲ. ಹೀಗಿದ್ದರೆ ಅದು ಕಾಯಿ ತುದಿ ಕೊಳೆ. ಹೆಸರಲ್ಲಿ ಕೊಳೆ ಇದ್ದರೂ ಇದು ರೋಗವಲ್ಲ. ಒಂದರಿಂದ ಒಂದಕ್ಕೆ ಅಂಟುವುದಿಲ್ಲ. ಶಿಲೀಂಧ್ರನಾಶಕ ಹೊಡೆದರೆ ಸುಮ್ನೆ ದಂಡ.

ಮಚ್ಚೆ ಮೆತ್ತಗಿದ್ದು ರಸ ಬರುತ್ತಿದ್ದರೆ, ಅಥವಾ ಕಾಯಿಯ ಬದಿಯಲ್ಲಿ ಉಂಗುರ ಉಂಗುರವಾಗಿದ್ದರೆ ಅದು ಬೇರೆ ಕಥೆ. ರೋಗ ಇರಬಹುದು. ತೂತು ಇದ್ದರೆ ಕಾಯಿಕೊರಕ. ಈ ಕೈಪಿಡಿ ಅದಕ್ಕಲ್ಲ.

ಇದು ಯಾಕೆ ಆಗುತ್ತದೆ ಅಂದರೆ, ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಬಂಡಿ ಹತ್ತಿಯೇ ಓಡಾಡುವುದು. ಬೇರಿಂದ ನೀರು ಮೇಲೆ ಹೋದರೆ ಅದೂ ಹೋಗುತ್ತದೆ. ಬಿಸಿಲಲ್ಲಿ ಎಲೆ ಜಾಸ್ತಿ ಬೆವರುತ್ತದೆ, ಹಾಗಾಗಿ ಹೆಚ್ಚು ನೀರು ಎಲೆಗೇ ಹೋಗುತ್ತದೆ. ಕಾಯಿ ಬೆವರುವುದು ಕಡಿಮೆ, ಅದರ ಪಾಲೂ ಕಡಿಮೆ. ಎಲೆಗೆ ಒಮ್ಮೆ ಸೇರಿದ ಕ್ಯಾಲ್ಸಿಯಂ ವಾಪಸ್ ಕಾಯಿಗೆ ಬರುವುದೂ ಇಲ್ಲ. ಹೂ ಕಚ್ಚಿದ ಮೊದಲ ಎರಡು ಮೂರು ವಾರ ಕಾಯಿ ದಬದಬ ಬೆಳೆಯುತ್ತದೆ. ಆ ಹೊತ್ತಲ್ಲಿ ಒಂದೆರಡು ದಿನ ಮಣ್ಣು ಒಣಗಿದರೂ ಸಾಕು, ಬಂಡಿ ನಿಂತಿತು.

ಆದ್ದರಿಂದ ಮೊದಲ ಪರೀಕ್ಷೆ ಬೆರಳು. ಮಧ್ಯಾಹ್ನ ಎರಡು ಗಂಟೆಗೆ ಕುಂಡದ ಮಣ್ಣಿಗೆ ಎರಡು ಗೆಣ್ಣಿನಷ್ಟು ಬೆರಳು ಇಳಿಸಿ. ಒಣಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಬೇಸಿಗೆಯಲ್ಲಿ 12 ಇಂಚಿನ ಕುಂಡಕ್ಕೆ ದಿನಕ್ಕೊಮ್ಮೆ ಸಾಲುವುದಿಲ್ಲ. ಬೆಳಿಗ್ಗೆ ಪೂರ್ತಿ, ಸಂಜೆ ಸ್ವಲ್ಪ ಹಾಕಿ. ಮೇಲೆ ಎರಡು ಇಂಚು ರಾಗಿ ಹುಲ್ಲು ಹೊದಿಸಿ. ನಾನು ಇಷ್ಟು ಮಾಡಿದ್ದಕ್ಕೇ ಮುಂದಿನ ಗೊಂಚಲಲ್ಲಿ ಕಪ್ಪು ಕಾಯಿ ಅರ್ಧಕ್ಕಿಂತ ಕಡಿಮೆಯಾಯಿತು. ಉಲ್ಟಾ ಕೂಡ ನೋಡಿ. ಕುಂಡದ ತೂತು ಮುಚ್ಚಿ ನೀರು ನಿಂತಿದ್ದರೆ ಬೇರು ಉಸಿರು ಕಟ್ಟಿ ನೀರು ಎಳೆಯುವುದಿಲ್ಲ. ಕಾಯಿ ಆಗಲೂ ಕಪ್ಪಾಗುತ್ತದೆ.

ಎರಡನೆಯದು ಗೊಬ್ಬರ. ಹಿಂದಿನ ಹದಿನೈದು ದಿನದಲ್ಲಿ ಯೂರಿಯಾ, ಪೊಟ್ಯಾಷ್, ಅಥವಾ ಹಸಿ ಕುರಿ ಗೊಬ್ಬರ ಜಾಸ್ತಿ ಬಿತ್ತಾ? ಅಮೋನಿಯಂ, ಪೊಟ್ಯಾಷಿಯಂ, ಮೆಗ್ನೀಷಿಯಂ ಹೆಚ್ಚಾದರೆ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ನೂಕುನುಗ್ಗಲು. "ಹೂ ಬರಲಿ" ಅಂತ ಎಪ್ಸಮ್ ಸಾಲ್ಟ್ ಹಾಕುವವರು ಇದನ್ನು ಎರಡು ಸಲ ಓದಿ. ಅದು ಮೆಗ್ನೀಷಿಯಂ ಸಲ್ಫೇಟ್. ತಳ ಕಪ್ಪಾಗುವುದಕ್ಕೆ ಅದು ಮದ್ದಲ್ಲ, ಇನ್ನೂ ಕೆಡಿಸುತ್ತದೆ.

ಕಪ್ಪಾದ ಕಾಯಿ ವಾಸಿಯಾಗುವುದಿಲ್ಲ. ಕಿತ್ತು ಹಾಕಿ. ಒಳ್ಳೆಯ ಭಾಗ ಕೊಯ್ದು ಸಾರಿಗೆ ಹಾಕಿದರೂ ತೊಂದರೆ ಇಲ್ಲ.

ಕಾಯಿ ಇಲ್ಲ, ಹೊಸ ಎಲೆಯೇ ಕೆಟ್ಟಿದೆ

ಕ್ಯಾಲ್ಸಿಯಂ ಕೊರತೆ ಯಾವಾಗಲೂ ಹೊಸದರಲ್ಲಿ ಕಾಣುತ್ತದೆ. ಸುಳಿ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ, ಎಲೆ ಕೊಕ್ಕೆಯ ಹಾಗೆ ಬಾಗುತ್ತದೆ, ಜಾಸ್ತಿಯಾದರೆ ಸುಳಿಯೇ ಒಣಗುತ್ತದೆ. ಲೆಟ್ಯೂಸ್, ಎಲೆಕೋಸು ಬೆಳೆಯುವವರಿಗೆ ಒಳಗಿನ ಎಳೆ ಎಲೆಯ ಅಂಚು ಸುಡುವುದು ಗೊತ್ತಿರುತ್ತದೆ. ಕೆಳಗಿನ ಹಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಮೆಗ್ನೀಷಿಯಂ ಕೊರತೆ. ಮೇಲಿನ ಹೊಸ ಎಲೆ ಹಳದಿ, ನರ ಹಸಿರು, ಆದರೆ ಅಂಚು ಸುಟ್ಟಿಲ್ಲ ಅಂದರೆ ಕಬ್ಬಿಣ. ಬೋರ್ ನೀರು ಹಾಕಿ ಹಾಕಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿದ ಕಡೆ ಇದು ಮಾಮೂಲಿ. ಅಲ್ಲಿಗೆ ಸುಣ್ಣ ಹಾಕಿದರೆ ಗಾಯಕ್ಕೆ ಖಾರ ಹಾಕಿದಂತೆ.

ಮೆಣಸಿನ ಗಿಡದಲ್ಲಿ ಎಲೆ ಮುದುಡಿದ್ದಕ್ಕೆಲ್ಲ ಕ್ಯಾಲ್ಸಿಯಂ ಅನ್ನಬೇಡಿ. ಹತ್ತಕ್ಕೆ ಒಂಬತ್ತು ಸಲ ಅದು ಮುಟುರು. ಎಲೆ ಮಗುಚಿ ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಹುಳ ಓಡಾಡುತ್ತಿದ್ದರೆ ಥ್ರಿಪ್ಸ್ ಅಥವಾ ನುಸಿ. ಟೊಮೆಟೊ ಗಿಡ ಅಲ್ಲಾಡಿಸಿದಾಗ ಬಿಳಿ ನೊಣ ಎದ್ದರೆ, ಎಲೆ ಮುದುರುವ ನಂಜು ರೋಗದ ಅನುಮಾನ ಪಡಿ.

ನನ್ನ ನೀರು ನಿಜವಾಗಿ ಮೆದುವಾ?

ಮೆದು ನೀರು ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆ ಇರುವ ನೀರು. ಇದನ್ನು ನಮ್ಮ ಎದುರು ಮನೆ ಅಜ್ಜಿ ಒಂದೇ ಪ್ರಶ್ನೆಯಲ್ಲಿ ಮುಗಿಸಿದರು. "ಆ ನೀರಲ್ಲಿ ಬ್ಯಾಳೆ ಬೇಯ್ತದೇನಪ್ಪಾ?"

"ಬೇಯ್ತದೆ ಅಜ್ಜಿ, ಎರಡೇ ವಿಷಲ್."

"ಹಂಗಾದ್ರೆ ಅದ್ರಲ್ಲಿ ಸುಣ್ಣ ಇಲ್ಲ ಬಿಡು."

ಅಜ್ಜಿ ಹೇಳಿದ್ದು ಸರಿ. ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯನ್ನು ಬಿಗಿ ಮಾಡುತ್ತವೆ. ಬೋರ್ ನೀರಲ್ಲಿ ತೊಗರಿಬೇಳೆ ಮೊಂಡು ಹಿಡಿಯುವುದು ಅದಕ್ಕೇ. ಇನ್ನೊಂದು ಬಿಟ್ಟಿ ಪರೀಕ್ಷೆ ಸೋಪಿನದು. ಒಂದೇ ಅಳತೆಯ ಎರಡು ಬಾಟಲಿಗೆ ಕಾಲು ಭಾಗ ನೀರು ತುಂಬಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬೋರ್ ನೀರು. ಸ್ನಾನದ ಸೋಪಿನ ಕಡಲೆಕಾಳಿನಷ್ಟು ಚೂರು ಹಾಕಿ 20 ಸಲ ಕುಲುಕಿ. ಮೆದು ನೀರಲ್ಲಿ ನೊರೆ ದಪ್ಪಗೆ ನಿಲ್ಲುತ್ತದೆ. ಗಡಸು ನೀರಲ್ಲಿ ಒಡೆದ ಹಾಲಿನ ಹಾಗೆ ಕೆನೆ ತೇಲುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ಗೀಸರ್, ಸೋಲಾರ್ ಪೈಪಿಗೆ ಉಪ್ಪು ಕಟ್ಟುತ್ತಿದ್ದರೆ, ಕುಂಡದ ಹೊರಗೆ ಬಿಳಿ ಕಟ್ಟು ಮೂಡಿದ್ದರೆ ನಿಮ್ಮ ನೀರು ಬಹುಶಃ ಮೆದುವಲ್ಲ.

ಅಂಕಿ ಬೇಕಿದ್ದರೆ ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ಹನಿ ಹಾಕಿ ನೋಡುವ ಜಿಎಚ್ (ಒಟ್ಟು ಗಡಸುತನ) ಕಿಟ್ ಸಿಗುತ್ತದೆ. ಬಣ್ಣ ತಿರುಗಲು ಎಷ್ಟು ಹನಿ ಬೇಕೋ ಅಷ್ಟು ಡಿಗ್ರಿ. ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಗಡಸುತನ. ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು, 180 ದಾಟಿದರೆ ತುಂಬಾ ಗಡಸು. ಗಡಸುತನವೆಲ್ಲ ಕ್ಯಾಲ್ಸಿಯಂನದೇ ಆಗಿದ್ದರೆ ಅದನ್ನು 0.4ರಿಂದ ಗುಣಿಸಿದರೆ ಕ್ಯಾಲ್ಸಿಯಂ ಎಷ್ಟು ಅಂತ ಸಿಗುತ್ತದೆ. ಮೆಗ್ನೀಷಿಯಂ ಪಾಲೂ ಇರುವುದರಿಂದ ನಿಜವಾದ್ದು ಇನ್ನೂ ಕಡಿಮೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಸಾಮಾನ್ಯವಾಗಿ ತರಕಾರಿಗೆ ನಡೆಯುತ್ತದೆ. ಅದಕ್ಕಿಂತ ಕಡಿಮೆಯಿದ್ದು ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬೆಳೆಯುತ್ತಿದ್ದರೆ ಹೊರಗಿಂದ ಕೊಡಬೇಕು. ಮಣ್ಣು, ಕಾಂಪೋಸ್ಟ್ ತುಂಬಿದ ಕುಂಡದಲ್ಲಿ ಮಣ್ಣೇ ಸ್ವಲ್ಪ ಕೊಡುತ್ತದೆ, ಅಷ್ಟು ಗಾಬರಿ ಬೇಡ.

ಆರ್‌ಒ ರಿಪೇರಿಯವರು ತರುವ ಟಿಡಿಎಸ್ ಮೀಟರ್ ಅರ್ಧ ಸತ್ಯ ಹೇಳುತ್ತದೆ. 40 ತೋರಿಸಿದರೆ ಎಲ್ಲ ಉಪ್ಪೂ ಸೇರಿ 40, ಅಂದಮೇಲೆ ಕ್ಯಾಲ್ಸಿಯಂ ಜಾಸ್ತಿ ಇರಲು ಸಾಧ್ಯವೇ ಇಲ್ಲ. ಆದರೆ 800 ತೋರಿಸಿದರೆ ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ.

ಸೋಪು ಚೆನ್ನಾಗಿ ನೊರೆ ಬರುತ್ತದೆ, ಟಿಡಿಎಸ್ ಕೂಡ ಜಾಸ್ತಿ ಇದೆ

ಇಲ್ಲಿ ಸ್ವಲ್ಪ ನಿಲ್ಲಿ. ಇದು ಅಪಾಯದ ಜೋಡಿ.

ಮನೆಗೆ ಸಾಫ್ಟ್‌ನರ್ ಹಾಕಿಸಿದ್ದೀರಾ? ಅದು ನೀರಿನಿಂದ ಉಪ್ಪು ತೆಗೆಯುವ ಯಂತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆಗಾಗ ಮೂಟೆ ಉಪ್ಪು ಸುರಿಯುವುದು ಅದಕ್ಕೇ. ತಲೆಕೂದಲಿಗೆ ಒಳ್ಳೆಯದು, ಗಿಡಕ್ಕೆ ಅಲ್ಲ. ಆ ನೀರಿಗೆ ಕ್ಯಾಲ್ಸಿಯಂ ಬೆರೆಸಿ ಸರಿ ಮಾಡಲು ಹೋಗಬೇಡಿ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ಪೈಪಿಗೆ ಒಂದು ನಲ್ಲಿ ಕೂರಿಸಲು ಪ್ಲಂಬರ್‌ಗೆ ಹೇಳಿ.

ಸಾಫ್ಟ್‌ನರ್ ಇಲ್ಲದೆಯೂ ಹೀಗಿರಬಹುದು. ಬೋರ್ ನೀರು ಅಂದರೆ ಸುಣ್ಣದ ನೀರು ಅಂತ ಲೆಕ್ಕ ಹಾಕುವ ಅಭ್ಯಾಸ ನಮಗೆಲ್ಲ ಇದೆ. ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ನೀರಿನ ಕಥೆ ಎಲ್ಲರಿಗೂ ಗೊತ್ತು. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಹಾಗಾಗಿ ಫ್ಲೋರೈಡ್ ಏರಿದ ಬೋರ್‌ಗಳಲ್ಲಿ ಎಷ್ಟೋ ಕಡೆ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟ್ ಜಾಸ್ತಿ. ಇಂಥ ನೀರು ಹಾಕಿದ ಮಣ್ಣು ಒಣಗಿದಾಗ ಕಲ್ಲಿನಂತೆ ಬಿಗಿಯುತ್ತದೆ, ಮೇಲೆ ನೀರು ನಿಂತರೂ ಒಳಗಿಳಿಯುವುದಿಲ್ಲ. ಇದನ್ನು ಕುಂಡದ ಲೆಕ್ಕದಲ್ಲಿ ಸರಿ ಮಾಡಲು ಆಗುವುದಿಲ್ಲ. ನೀರು ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ.

ಮಣ್ಣು ತುಂಬಿದ ಕುಂಡ ಸರಿ ಇದೆ, ಕೋಕೋಪೀಟ್ ಚೀಲದಲ್ಲಿ ಮಾತ್ರ ತೊಂದರೆ

ತಿಪಟೂರು ಕಡೆಯಿಂದ ಕೋಕೋಪೀಟ್ ಇಟ್ಟಿಗೆ ಸುಲಭವಾಗಿ ಸಿಗುತ್ತದೆ ಅಂತ ನಾವೆಲ್ಲ ಅದನ್ನೇ ತುಂಬುತ್ತೇವೆ. ತೆಂಗಿನ ನಾರಿನ ಪುಡಿಯಲ್ಲಿ ಹುಟ್ಟಿನಿಂದಲೇ ಪೊಟ್ಯಾಷಿಯಂ, ಸೋಡಿಯಂ ಅಂಟಿಕೊಂಡಿರುತ್ತದೆ. ನಾವು ಕೊಟ್ಟ ಕ್ಯಾಲ್ಸಿಯಂ ಮೊದಲು ಪುಡಿಗೇ ಅಂಟುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಬರೀ ನೀರಲ್ಲಿ ತೊಳೆದರೆ ಬಿಡಿ ಉಪ್ಪು ಹೋಗುತ್ತದೆ, ಅಂಟಿದ್ದು ಹೋಗುವುದಿಲ್ಲ. ಇಟ್ಟಿಗೆ ನೆನೆಸಿ ಎರಡು ಸಲ ತೊಳೆದ ಮೇಲೆ, ಹತ್ತು ಲೀಟರ್ ನೀರಿಗೆ 50 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಅದರಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಹಿಂಡಿ, ಮತ್ತೊಮ್ಮೆ ತೊಳೆದು ತುಂಬಿ. ಗಿಡ ಆಗಲೇ ನೆಟ್ಟಿದ್ದರೆ ಈ ಕೆಲಸ ಬೇಡ, ಬೇರು ಸುಡುತ್ತದೆ. ಕೆಳಗಿನ ತೆಳು ಅಳತೆಯನ್ನೇ ದಿನಾ ಕೊಡಿ.

ಹಾಕಲೇಬೇಕು ಅಂತಾದರೆ ಯಾವುದು, ಎಷ್ಟು

ಎಲ್ಲಕ್ಕಿಂತ ಅಗ್ಗದ ಕ್ಯಾಲ್ಸಿಯಂ ನಿಮ್ಮ ಬೋರ್‌ವೆಲ್‌ನಲ್ಲೇ ಇರಬಹುದು. ಬೋರ್ ನೀರು ಸೋಪಿಗೆ ಒಡೆಯುತ್ತದೆ ಅಂದರೆ ಒಂದು ಕೊಡ ಬೋರ್ ನೀರಿಗೆ ಎರಡು ಕೊಡ ಆರ್‌ಒ ಅಥವಾ ಮಳೆ ನೀರು ಬೆರೆಸಿ ಹಾಕಿ. ನಾನು ಈಗ ಇದನ್ನೇ ಮಾಡುತ್ತಿದ್ದೇನೆ. ಮೊದಲೇ ಹೊಳೆದಿದ್ದರೆ ಆ ಬಾಟಲಿ ದುಡ್ಡು ಉಳಿಯುತ್ತಿತ್ತು.

ಬೋರ್ ಇಲ್ಲದಿದ್ದರೆ ಕ್ಯಾಲ್ಸಿಯಂ ನೈಟ್ರೇಟ್. ಗೊಬ್ಬರದ ಅಂಗಡಿಯಲ್ಲಿ ಬಿಳಿ ಕಾಳಿನ ರೂಪದಲ್ಲಿ ಸಿಗುತ್ತದೆ. ಚೀಲದ ಮೇಲೆ ಸಾರಜನಕ 15.5, ಕ್ಯಾಲ್ಸಿಯಂ 18.8 ಅಂತ ಇರುತ್ತದೆ. ಲೀಟರಿಗೆ ಅರ್ಧ ಗ್ರಾಂ, ಅಂದರೆ ಹತ್ತು ಲೀಟರ್ ಬಕೆಟ್ಟಿಗೆ 5 ಗ್ರಾಂ. ಇಷ್ಟರಲ್ಲಿ ಲೀಟರಿಗೆ ಸುಮಾರು 94 ಮಿಲಿಗ್ರಾಂ ಕ್ಯಾಲ್ಸಿಯಂ, 78 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಮಣ್ಣು ತುಂಬಿದ ಕುಂಡಕ್ಕೆ ವಾರಕ್ಕೊಮ್ಮೆ ಸಾಕು. ಕೋಕೋಪೀಟ್‌ಗೆ ದಿನದ ನೀರಲ್ಲೇ ಕೊಡಬಹುದು, ಆದರೆ ಆಗ ಬೇರೆ ಸಾರಜನಕ ಗೊಬ್ಬರ ಕಡಿಮೆ ಮಾಡಿ. ಒಂದು ಸಲ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ನಿಮ್ಮ ಚಮಚಕ್ಕೆ ಎಷ್ಟು ಹಿಡಿಯುತ್ತದೆ ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಆ ಚಮಚ ಅಡುಗೆಗೆ ವಾಪಸ್ ಹೋಗಬಾರದು.

ಗಿಡ ಆಗಲೇ ಕಡು ಹಸಿರಾಗಿ ಸೊಕ್ಕಿ, ಹೂ ಕಡಿಮೆಯಿದ್ದರೆ ಸಾರಜನಕ ಸಾಕಾಗಿದೆ ಅಂತ ಅರ್ಥ. ಅದಕ್ಕೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಒಳ್ಳೆಯದು. ಪಿಎಚ್ ಏರಿಸುವುದಿಲ್ಲ, ಸಾರಜನಕವೂ ಇಲ್ಲ. ಹತ್ತು ಲೀಟರಿಗೆ 3 ಗ್ರಾಂ ಹಾಕಿ, ಕಲಕಿ, ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಕಲಕಿ ಹಾಕಿ. ನಿಧಾನ ಕರಗುತ್ತದೆ, ತಳದಲ್ಲಿ ಸ್ವಲ್ಪ ಉಳಿದರೆ ಚಿಂತೆಯಿಲ್ಲ. ಹನಿ ನೀರಾವರಿ ಪೈಪಿಗೆ ಮಾತ್ರ ಬಿಡಬೇಡಿ.

ಮೊಟ್ಟೆ ಚಿಪ್ಪು? ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಈ ಬೆಳೆಗೆ ಅಲ್ಲ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಇಲ್ಲದ ಮಣ್ಣಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು. ಎಲೆ ಅಡಿಕೆಯ ಸುಣ್ಣ ನೀರಿಗೆ ಕದಡಿ ಹಾಕುವವರಿದ್ದಾರೆ. ಪಿಎಚ್ ಒಮ್ಮೆಲೇ ಜಿಗಿಯುತ್ತದೆ. ಬೇಡ.

ಬಕೆಟ್ ನೀರು ಮಜ್ಜಿಗೆ ಥರ ಬೆಳ್ಳಗಾಯಿತು

ನಾನೂ ಮಾಡಿದ್ದೇನೆ. ಕ್ಯಾಲ್ಸಿಯಂ ನೈಟ್ರೇಟ್ ಗಟ್ಟಿಯಾಗಿ ಕರಗಿಸಿದ ಬಾಟಲಿಗೇ ಎಪ್ಸಮ್ ಸಾಲ್ಟ್ ಸುರಿದೆ. ಕಣ್ಣೆದುರಿಗೇ ಬಿಳಿ ಮೋಡ ಎದ್ದು ತಳಕ್ಕೆ ಕೂತಿತು. ಹಾಕಿದ ದುಡ್ಡು ಜಿಪ್ಸಂ ಆಗಿ ಹೋಯಿತು. ಸಲ್ಫೇಟ್ ಇರುವ ಯಾವ ಗೊಬ್ಬರವೂ, ರಂಜಕ ಇರುವ 19:19:19, 12:61:0 ಥರದವೂ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಗಟ್ಟಿ ದ್ರಾವಣದಲ್ಲಿ ಇರಬಾರದು. ಬೇರೆ ದಿನ, ಬೇರೆ ಬಕೆಟ್. ಡ್ರಿಪ್ ಇರುವವರಿಗೆ ಇದು ಇನ್ನೂ ಮುಖ್ಯ. ಕೋಲಾರದ ಕಡೆ ಮಳೆ ನೀರು ತುಂಬಿದ ಕೃಷಿ ಹೊಂಡದಿಂದ ಟೊಮೆಟೊಗೆ ಡ್ರಿಪ್ ಬಿಡುವವರು ವೆಂಚುರಿಯಲ್ಲಿ (ಪೈಪಿಗೆ ಗೊಬ್ಬರ ಎಳೆಯುವ ಸಾಧನ) ಎರಡನ್ನೂ ಒಟ್ಟಿಗೆ ಎಳೆಸಿದರೆ ಹನಿ ತೂತುಗಳು ಒಂದೊಂದಾಗಿ ಕಟ್ಟುತ್ತವೆ. ಹಾಕಿದ ಗೊಬ್ಬರಕ್ಕಿಂತ ಲ್ಯಾಟರಲ್ (ಹನಿ ಪೈಪು) ಬದಲಿಸುವ ಖರ್ಚು ಜಾಸ್ತಿ.

ಹದಿನೈದು ದಿನ ಆಯಿತು, ಇನ್ನೂ ಕಪ್ಪು

ಯಾವ ಕಾಯಿ ನೋಡುತ್ತಿದ್ದೀರಿ? ಹಳೇ ಕಾಯಿ ನೋಡಿ ಪ್ರಯೋಜನವಿಲ್ಲ. ಸರಿ ಮಾಡಿದ ದಿನದ ಮೇಲೆ ಅರಳಿದ ಹೂವಿಗೆ ಒಂದು ದಾರ ಕಟ್ಟಿ, ಆ ಕಾಯಿ ಮಾತ್ರ ನೋಡಿ. ಅದರ ತಳ ಕಪ್ಪಾಗದಿದ್ದರೆ ದಾರಿ ಸರಿ ಇದೆ.

ಅವಸರಕ್ಕೆ ಸಿಂಪಡಣೆ ಮಾಡಬಹುದು. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಸಂಜೆ ಹೊತ್ತು, ಎಳೆ ಕಾಯಿಗೇ ತಾಗುವ ಹಾಗೆ. ಎಲೆಗೆ ಹೊಡೆದದ್ದು ಕಾಯಿಗೆ ಇಳಿಯುವುದಿಲ್ಲ ಅನ್ನುವುದು ನೆನಪಿರಲಿ. ಮೊದಲು ಒಂದು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಅಂಚು ಸುಟ್ಟರೆ ನಿಲ್ಲಿಸಿ. ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಬಳಸುತ್ತಾರೆ, ಆದರೆ ಅದು ಎಲೆ ಸುಡುವುದು ಬೇಗ. ತಾರಸಿ ತೋಟಕ್ಕೆ ನಾನು ಹೇಳುವುದಿಲ್ಲ.

ಮನೆಯಲ್ಲಿ ಇಡುವಾಗ

ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಎಳೆದು ನೀರಾಗುತ್ತದೆ, ಬಿಗಿ ಡಬ್ಬಿ ಬೇಕು. ಡಬ್ಬಿ ಮೇಲೆ ಹೆಸರು ಬರೆಯಿರಿ, ಕಲ್ಲುಸಕ್ಕರೆ ಅಂತ ಮಕ್ಕಳು ಬಾಯಿಗೆ ಹಾಕಿಕೊಂಡಾರು. ಬೆಂಕಿಗೆ ಕುಮ್ಮಕ್ಕು ಕೊಡುವ ವಸ್ತು ಅದು. ಪೆಟ್ರೋಲ್, ಸೀಮೆಎಣ್ಣೆ, ಮರದ ಹೊಟ್ಟು, ಒಲೆ ಇವುಗಳಿಂದ ದೂರ ಇಡಿ. ಕಲಸಿದ ನೀರನ್ನು ಹಸು, ಮೇಕೆ ಕುಡಿಯುವ ಜಾಗದಲ್ಲಿ ಬಿಡಬೇಡಿ, ನೈಟ್ರೇಟ್ ದನಕ್ಕೆ ವಿಷ. ಸಂಪಿನ ಪೈಪಿನ ತುದಿಯನ್ನು ಗೊಬ್ಬರದ ಬಕೆಟ್ ಒಳಗೆ ಮುಳುಗಿಸಬೇಡಿ. ಮೋಟಾರ್ ನಿಂತಾಗ ವಾಪಸ್ ಎಳೆದರೆ ಕುಡಿಯುವ ನೀರಿಗೇ ಸೇರುತ್ತದೆ. ಕಣ್ಣಿಗೆ ಪುಡಿ ಅಥವಾ ಸುಣ್ಣ ಬಿದ್ದರೆ ಉಜ್ಜಬೇಡಿ. ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಇಲ್ಲಿಗೆ ನಿಲ್ಲಿಸಿ, ಕೇಳಿ

ನೀರಿನ ಕ್ರಮ ಸರಿ ಮಾಡಿ, ಅಳತೆಯಲ್ಲಿ ಕ್ಯಾಲ್ಸಿಯಂ ಕೊಟ್ಟು, ದಾರ ಕಟ್ಟಿದ ಕಾಯಿಯೂ ಕಪ್ಪಾದರೆ ಇನ್ನೊಂದು ಚಮಚ ಹಾಕಬೇಡಿ. ಇಡೀ ಗಿಡ ಬಾಡುತ್ತಿದ್ದರೆ, ಮಣ್ಣು ಬಿಗಿಯುತ್ತಿದ್ದರೆ, ಅಥವಾ ಇದು ತಾರಸಿಯಲ್ಲ, ಎಕರೆ ಲೆಕ್ಕದ ಬೆಳೆ ಅಂತಾದರೆ ಮೊದಲ ದಿನವೇ ಕೇಳಿ. ತುಮಕೂರಿನವರಿಗೆ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ, ತಿಪಟೂರು ಕಡೆಯವರಿಗೆ ಕೊನೇಹಳ್ಳಿ, ಕೋಲಾರದವರಿಗೆ ಟಮಕ, ಚಿಂತಾಮಣಿ ಕಡೆಯವರಿಗೆ ಕುರುಬೂರು. ಫೋನಲ್ಲಿ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಪರೀಕ್ಷೆಗೆ ಕೊಡುವಾಗ ಪಿಎಚ್, ಇಸಿ (ವಿದ್ಯುತ್ ವಾಹಕತೆ) ಮಾತ್ರ ಸಾಲದು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಬೈಕಾರ್ಬನೇಟ್ ಅಂತ ಬಾಯಿಬಿಟ್ಟು ಕೇಳಿ. ಕುಡಿಯುವ ನೀರಿನ ವರದಿಯಲ್ಲಿ ಕ್ಯಾಲ್ಸಿಯಂ ಎದುರಿಗೆ 75 ಅಂತ ಮಿತಿ ಅಚ್ಚಾಗಿರುತ್ತದೆ. ಅದು ನಮ್ಮ ಹೊಟ್ಟೆಗೆ ಹಾಕಿದ ಲೆಕ್ಕ, ಟೊಮೆಟೊದ್ದಲ್ಲ. ನೀರು ಹಿಡಿಯುವ ಮುಂಚೆ ಮೋಟಾರ್ ಹತ್ತು ನಿಮಿಷ ಓಡಲಿ. ಒಂದು ಲೀಟರಿನ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದ ಹಾಗೆ ಬಾಯಿವರೆಗೆ ತುಂಬಿ. ನಲ್ಲಿಯದೋ, ಬೋರ್‌ದೋ, ಆರ್‌ಒದೋ ಅಂತ ಚೀಟಿ ಅಂಟಿಸಿ. ನಾನು ಮೊದಲ ಸಲ ಚೀಟಿ ಇಲ್ಲದೆ ಮೂರು ಬಾಟಲಿ ತಗೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದವರು ಮೂರನ್ನೂ ಬೆಳಕಿಗೆ ಹಿಡಿದು ನೋಡಿ, ನಗುತ್ತಾ ವಾಪಸ್ ಕೊಟ್ಟರು.